ಲಚ್ಚಕ್ಕನ ತಂಗಿ

ಬಿ.ಸಿ.ರೋಡಿನ ಬಾಸಿತ್ ಮದುವೆ ವಿಡಿಯೋ ತೆಗೆಯುವವನು. ಅವನಿಗೆ ಒಂದು ಸಣ್ಣ ಕೇಬಲ್ ಚಾನೆಲ್ಲೂ ಇತ್ತು. ದರ್ಗಾದ ಉರೂಸು, ದೇವಸ್ಥಾನದ ಬ್ರಹ್ಮಕಲಶ, ಕಬಡ್ಡಿ ಪಂದ್ಯ ಎಲ್ಲವನ್ನೂ ಅದರಲ್ಲಿ ನೇರಪ್ರಸಾರ ಮಾಡುತ್ತಿದ್ದ. ಇದ್ಯಾವುದೂ ಇಲ್ಲದ ಭಾನುವಾರಗಳಲ್ಲಿ ಏನು ತೋರಿಸುವುದೆಂದು ತಿಳಿಯದೆ, ತನ್ನ ಚಿಕ್ಕಮ್ಮನ ಮಗಳು ಸಾಲಿಹಾಳನ್ನು ಒಂದು ಧಾರಾವಾಹಿ ಬರೆದು ಕೊಡಲು ಕೇಳಿದ. ಸಾಲಿಹಾ ಫರಂಗಿಪೇಟೆಯ ಹೈಸ್ಕೂಲೊಂದರಲ್ಲಿ ಕನ್ನಡ ಟೀಚರ್. ಮಕ್ಕಳ ಉತ್ತರಪತ್ರಿಕೆ ತಿದ್ದಿ ತಿದ್ದಿ ಬೇಸತ್ತಿದ್ದ ಅವಳಿಗೆ, ಯಾರೂ ತಿದ್ದದಂಥದ್ದನ್ನು ತಾನೇ ಏನಾದರೂ ಬರೆಯಬೇಕು ಎಂದಿತ್ತು.

ಅವಳು ಬರೆದ ಧಾರಾವಾಹಿಯ ಹೆಸರು 'ಒಂದೇ ತೋಡು'. ಗುಡ್ಡದಿಂದ ಹರಿದು ಬರುವ ಸಣ್ಣ ತೋಡಿನ ಒಂದು ದಡದಲ್ಲಿ ಲಚ್ಚಕ್ಕ, ಇನ್ನೊಂದು ದಡದಲ್ಲಿ ಉಮ್ಮರಬ್ಬ. ಇಬ್ಬರಿಗೂ ಜಗಳ. ಕತೆ ಅಷ್ಟೇ. ಒಂದು ಕಂತಿನಲ್ಲಿ ಲಚ್ಚಕ್ಕನ ಬಾತುಕೋಳಿ ಆಚೆ ದಡಕ್ಕೆ ಈಜಿ ಹೋಗಿ ಮೊಟ್ಟೆ ಇಟ್ಟಿತು. ಮೊಟ್ಟೆ ಯಾರದು ಎಂಬ ಚರ್ಚೆ ಹದಿನಾರು ನಿಮಿಷ ನಡೆಯಿತು. ಕಂತು ಮುಗಿದಾಗಲೂ ಅದು ತೀರ್ಮಾನವಾಗಿರಲಿಲ್ಲ. ಸಿದ್ಧಕಟ್ಟೆಯಿಂದ ಮಡಂತ್ಯಾರಿನವರೆಗೆ ಜನ ಅದನ್ನು ಮತ್ತೆ ಮತ್ತೆ ನೋಡಿದರು, ಮೊಟ್ಟೆಯ ಬಗ್ಗೆ ತಮ್ಮ ತೀರ್ಪನ್ನು ಬಾಸಿತನಿಗೆ ಫೋನ್ ಮಾಡಿ ತಿಳಿಸಿದರು.

ಲಚ್ಚಕ್ಕನ ಪಾತ್ರ ಸೇಸಮ್ಮನವರದು. ಪುಂಜಾಲಕಟ್ಟೆಯಿಂದ ಸ್ವಲ್ಪ ಒಳಗೆ, ಗುಡ್ಡದ ಬದಿಯಲ್ಲಿ ಅವರ ಮನೆ. ಗಂಡ ಚನಿಯಪ್ಪನವರಿಗೆ ಇನ್ನೂರು ರಬ್ಬರ್ ಮರಗಳಿದ್ದವು. ಮೂವತ್ತು ವರ್ಷ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದ ಸೇಸಮ್ಮನವರಿಗೆ, ಗಲಾಟೆ ಮಾಡುವ ಮಕ್ಕಳನ್ನು ಒಂದೂ ಮಾತಾಡದೆ ಸುಮ್ಮನಾಗಿಸುವ ನೋಟವೊಂದು ಅಭ್ಯಾಸವಾಗಿತ್ತು. ಆ ನೋಟವನ್ನೇ ಅವರು ಕ್ಯಾಮೆರಾದ ಎದುರೂ ಬಳಸಿದರು. ಉಮ್ಮರಬ್ಬನಾಗಿ ನಟಿಸಿದವರು ಬಂಟ್ವಾಳ ಪೇಟೆಯ ಜವಳಿ ವ್ಯಾಪಾರಿ ಹಾಜಬ್ಬ. ಈ ಬಣ್ಣ ಹೋಗುವುದೇ ಇಲ್ಲ ಎಂದು ಗಿರಾಕಿಗಳ ಎದುರು ನಲವತ್ತು ವರ್ಷ ಹೇಳಿಕೊಂಡು ಬಂದ ಅವರು ನಟನೆಯನ್ನು ಹೊಸದಾಗಿ ಕಲಿಯಬೇಕಾಗಿರಲಿಲ್ಲ.

ಇಪ್ಪತ್ತು ಕಂತುಗಳಾದ ಮೇಲೆ ಮೂಡುಬಿದಿರೆಯಲ್ಲಿ ಟೈಲ್ಸ್ ಮಳಿಗೆ ಇಟ್ಟಿರುವ ಧರ್ಣಪ್ಪ ಪ್ರಾಯೋಜಕರಾಗಿ ಬಂದರು. ಅವರು ಕತೆಯಲ್ಲಿ ಕೈ ಹಾಕುವುದಿಲ್ಲವೆಂದು ಮೊದಲೇ ಮಾತು ಕೊಟ್ಟಿದ್ದರು. ಕೇಳಿದ್ದು ಇಷ್ಟೇ: ಅವರ ತಂಗಿಯ ಮಗ ಮನ್ವಿತನಿಗೆ ನಟನೆಯ ಹುಚ್ಚು, ಒಂದು ದೃಶ್ಯದಲ್ಲಿ ನಿಂತು ಹೋಗಲಿ. ಸಾಲಿಹಾ ಒಪ್ಪಿದಳು. ಒಂದು ದೃಶ್ಯದಿಂದ ಏನಾಗುತ್ತದೆ ಎಂದು ಅವಳು ಯೋಚಿಸಿದ್ದಳು. ತೋಡಿನ ಗಡಿ ಅಳೆಯಲು ಬರುವ ಸರ್ವೆಯರ್ ಒಬ್ಬನನ್ನು ಸೃಷ್ಟಿಸಿ ಅವನಿಗೆ ಒಂದೇ ಮಾತು ಕೊಟ್ಟಳು: "ನಾಳೆ ಬರ್ತೇನೆ, ಕಾಗದ ತೆಗೆದಿಡಿ."

ಮನ್ವಿತ್ ಕಪ್ಪು ಕನ್ನಡಕ ಹಾಕಿಕೊಂಡು ಬಂದ. ಟೇಪು ಬಿಡಿಸಿದ. ಆ ಒಂದು ಮಾತು ಅವನಿಗೆ ಮರೆತುಹೋಯಿತು. ಸ್ವಲ್ಪ ಹೊತ್ತು ಟೇಪನ್ನೇ ನೋಡಿ, ಕನ್ನಡಕ ತೆಗೆದು, ಗಂಭೀರವಾಗಿ ಹೇಳಿದ: "ಅಳತೆಯಲ್ಲಿ ಒಂದು ಸಣ್ಣ ವ್ಯತ್ಯಾಸ ಉಂಟು."

ಬೆಳಕು ಕಡಿಮೆಯಾಗುತ್ತಿದ್ದುದರಿಂದ ಬಾಸಿತ್ ಅದನ್ನು ಹಾಗೆಯೇ ಉಳಿಸಿಕೊಂಡ. ನಾಲ್ಕೇ ದಿನದಲ್ಲಿ ಆ ಹನ್ನೊಂದು ಸೆಕೆಂಡಿನ ತುಣುಕು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಎಲ್ಲ ಫೋನುಗಳಿಗೂ ಹೋಗಿ ಮುಟ್ಟಿತು. ರವಿಕೆ ಬಿಗಿಯಾಯಿತೆಂದು ದೂರಿದ ಹೆಂಗಸಿಗೆ ಟೈಲರ್ ಅದನ್ನೇ ಹೇಳಿದ. ಸಾರಿಗೆ ಉಪ್ಪು ಹೆಚ್ಚಾದ ಮದುವೆಯಲ್ಲಿ ಅಡಿಗೆಯವರು ಅದನ್ನೇ ಹೇಳಿದರು. ವೇಣೂರಿನ ಕಡೆಯ ಒಬ್ಬ ವರ, ನಿಶ್ಚಿತಾರ್ಥ ಮುರಿದುಕೊಳ್ಳಲು ಅದನ್ನೇ ಬರೆದು ಕಳಿಸಿದನೆಂದು ಸುದ್ದಿ.

ಸರ್ವೆಯರ್ ಮುಂದಿನ ವಾರವೂ ಬಂದ. ಅದರ ಮುಂದಿನ ವಾರವೂ. ಅಳತೆ ಮುಗಿದರೆ ಅವನು ಹೋಗಬೇಕಾಗುತ್ತದೆ. ಆದ್ದರಿಂದ ಅಳತೆ ಮುಗಿಯಲಿಲ್ಲ. ಉಳಿದುಕೊಳ್ಳಲು ಮನೆ ಬೇಕಲ್ಲ, ಉಮ್ಮರಬ್ಬನ ಮನೆಯ ಚಾವಡಿ ಬಾಡಿಗೆಗೆ ಸಿಕ್ಕಿತು. ಅವನಿಗೊಬ್ಬಳು ಕಳೆದುಹೋದ ತಾಯಿ ಹುಟ್ಟಿಕೊಂಡಳು, ಒಬ್ಬ ಶತ್ರು ಹುಟ್ಟಿಕೊಂಡ. ಮೂವತ್ತೊಂದನೆಯ ಕಂತಿನಲ್ಲಿ ಅವನನ್ನೇ ಹೋಲುವ ಇನ್ನೊಬ್ಬ ಸರ್ವೆಯರ್, ಮೀಸೆಯೊಂದಿಗೆ, ಕಾಣಿಸಿಕೊಂಡ. ಚಿತ್ರೀಕರಣ ತೋಡಿನ ಬದಿಯಿಂದ ನಿಧಾನವಾಗಿ ಮೂಡುಬಿದಿರೆಯ ಮಳಿಗೆಗೆ ಸರಿಯಿತು. ಸರ್ವೆಯರ್ ಕನಸು ಕಾಣುತ್ತಿದ್ದುದು ಅಲ್ಲೇ, ತಾಯಿಯನ್ನು ನೆನೆದು ಅಳುತ್ತಿದ್ದುದೂ ಅಲ್ಲೇ. ಅವನ ಹಿಂದೆ ಬಚ್ಚಲುಮನೆಯ ಟೈಲ್ಸುಗಳು ಹೂವಿನ ಚಿತ್ತಾರದಲ್ಲಿ ಹೊಳೆಯುತ್ತಿದ್ದವು.

ಸೇಸಮ್ಮನವರ ಮಾತು ಕಂತಿನಿಂದ ಕಂತಿಗೆ ಕಡಿಮೆಯಾಯಿತು. ಮೊದಲು ಎರಡು ಪುಟ ಇದ್ದದ್ದು ಅರ್ಧ ಪುಟವಾಯಿತು, ಆಮೇಲೆ "ಚಹಾ ಕುಡಿಯಿರಿ ಸಾರ್" ಎಂಬಲ್ಲಿಗೆ ಬಂದು ನಿಂತಿತು. ಮನೆಯಲ್ಲಾದರೂ ಈ ಬಗ್ಗೆ ಹೇಳಿಕೊಳ್ಳುವ ಎಂದರೆ, ಚನಿಯಪ್ಪನವರು ಸರ್ವೆಯರ್‌ನ ದೊಡ್ಡ ಅಭಿಮಾನಿಯಾಗಿದ್ದರು. ಅವನಿಗೆ ತಾಯಿ ಸಿಗುತ್ತಾಳಾ ಎಂದು ಅವರು ಹೆಂಡತಿಯನ್ನು ದಿನಾ ಕೇಳುತ್ತಿದ್ದರು. ಕೊನೆಗೊಂದು ದಿನ ರಬ್ಬರ್ ಹಾಲು ತೆಗೆಯಲು ಹೋಗುವಾಗ, ಚಹಾ ಕೊಡುವ ದೃಶ್ಯದಲ್ಲಿ ನೀನು ಅಡ್ಡ ನಿಂತು ಅವನ ಮುಖ ಕಾಣಲಿಲ್ಲ ಎಂದೂ ಹೇಳಿದರು.

ಸಾಲಿಹಾಳಿಗೂ ಇದು ಸರಿ ಕಾಣುತ್ತಿರಲಿಲ್ಲ. ಆದರೆ ಅವಳ ಶಾಲೆಯ ಹೆಡ್‌ಮಾಸ್ತರರು ಈಗ ಸ್ಟಾಫ್ ರೂಮಿನಲ್ಲಿ ಅವಳಿಗೆ ಎದ್ದು ಕುರ್ಚಿ ಕೊಡುತ್ತಿದ್ದರು. ಬಾತುಕೋಳಿಯ ಕಂತು ಬರೆದಾಗ ಕೊಟ್ಟಿರಲಿಲ್ಲ.

ನಲವತ್ತನೆಯ ಕಂತಿನ ಹೊತ್ತಿಗೆ ಬಾಸಿತ್ ಒಂದು ಪೊಟ್ಟಣ ಸಿಹಿತಿಂಡಿ ಹಿಡಿದು ಪುಂಜಾಲಕಟ್ಟೆಗೆ ಬಂದ. ಬಹಳ ಹೊತ್ತು ರಬ್ಬರಿನ ಧಾರಣೆಯ ಬಗ್ಗೆ ಮಾತಾಡಿದ. ಆಮೇಲೆ ಸರ್ವೆಯರ್‌ಗೆ ಭಾವನೆ ತೋರಿಸಲಿಕ್ಕೆ ಅವಕಾಶ ಸಾಕಾಗುತ್ತಿಲ್ಲ ಎಂದ.

"ಅವನಿಗೆ ಅಳಲಿಕ್ಕೆ ಒಂದು ಹೊಸ ಕಾರಣ ಬೇಕು ಸೇಸಮ್ಮಕ್ಕ," ಎಂದು ಕೊನೆಗೆ ಹೇಳಿದ. "ಹಾಗಾಗಿ ಲಚ್ಚಕ್ಕ ತೀರಿಕೊಂಡರೆ ಹೇಗೆ ಅಂತ."

ಸೇಸಮ್ಮ ತಮ್ಮ ಅಂಗನವಾಡಿಯ ನೋಟದಿಂದ ಅವನನ್ನು ನೋಡಿದರು. ಅವನು ಮಗುವಿನ ಹಾಗೆ ತಲೆ ತಗ್ಗಿಸಿದನೇ ಹೊರತು ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ತೋಡು ನಿಮ್ಮದು, ನಿಮಗೆ ಬೇಕಾದ ಹಾಗೆ ಮಾಡಿ ಎಂದು ಅವರು ಚಹಾ ಮಾಡಲು ಒಳಗೆ ಹೋದರು.

ಸಾಯುವ ದೃಶ್ಯ ಬೆಳಿಗ್ಗೆ ಒಂಬತ್ತಕ್ಕೆ ಶುರುವಾಯಿತು. ಒದ್ದೆ ಸೀರೆಯಲ್ಲಿ ಸೇಸಮ್ಮ ತೋಡಿನ ದಡದಲ್ಲಿ ಕಣ್ಣು ಮುಚ್ಚಿ ಮಲಗಿದರು. ಮನ್ವಿತ್ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳಬೇಕು. ಮೊದಲ ಸಲ ಕನ್ನಡಕ ಅವರ ಮೂಗಿನ ಮೇಲೆ ಬಿತ್ತು. ಮೂರನೆಯ ಸಲ ಅವನು ಲಚ್ಚಕ್ಕ ಎನ್ನುವ ಬದಲು ಲಕ್ಷ್ಮಕ್ಕ ಎಂದ. ಆರನೆಯ ಸಲ ಹೆಣದ ಕೈಗೆ ಸೊಳ್ಳೆ ಕಚ್ಚಿ ಹೆಣ ಕೈ ಎಳೆದುಕೊಂಡಿತು. ಹನ್ನೊಂದನೆಯ ಸಲ, ಊಟದ ಹೊತ್ತಿಗೆ, ಎಲ್ಲವೂ ಸರಿಯಾಯಿತು. ಈ ತೋಡಿನ ನೀರು ಎಲ್ಲಿ ಹುಟ್ಟುತ್ತದೆ, ಯಾವ ತಿಂಗಳಲ್ಲಿ ಯಾವ ಕಲ್ಲಿನವರೆಗೆ ಬರುತ್ತದೆ ಎಂದೆಲ್ಲ ಅವನು ಅಳುತ್ತ ಹೇಳಿದ. ಅವು ಮೊದಲ ಕಂತಿನಲ್ಲಿ ಲಚ್ಚಕ್ಕ ಹೇಳಿದ ಮಾತುಗಳೇ ಎಂದು ಕಣ್ಣು ಮುಚ್ಚಿಕೊಂಡಿದ್ದ ಸೇಸಮ್ಮನಿಗೆ ಗೊತ್ತಾಯಿತು. ಆಚೆ ದಡದಲ್ಲಿ ಹಾಜಬ್ಬ ಕೊಡೆ ಹಿಡಿದು ನಿಂತಿದ್ದರು. ಅವರಿಗೂ ಗೊತ್ತಾಗಿರಬೇಕು. ಆದರೆ ಅವರಿಗೆ ಮುಂದಿನ ವಾರ ಸರ್ವೆಯರ್‌ನನ್ನು ಸಮಾಧಾನ ಮಾಡುವ ಎರಡು ಪುಟದ ಮಾತಿತ್ತು.

ಆ ಕಂತು ಬಂದಾಗ ಚನಿಯಪ್ಪ ಬಿಕ್ಕಿ ಬಿಕ್ಕಿ ಅತ್ತರು. ಲಚ್ಚಕ್ಕ ಪಕ್ಕದಲ್ಲೇ ಕೂತು ಅವರಿಗೆ ನೀರು ಕೊಡಬೇಕಾಯಿತು. "ಪಾಪ ಮಾರಾಯ್ತಿ," ಎಂದರು ಅವರು ನೀರು ಕುಡಿದು, "ಆ ಹುಡುಗನಿಗೆ ಇನ್ನು ಯಾರುಂಟು?"

ಮರುದಿನದಿಂದ ಸೇಸಮ್ಮನವರಿಗೆ ಹೊರಗೆ ತಿರುಗುವುದೇ ಕಷ್ಟವಾಯಿತು. ರೇಷನ್ ಅಂಗಡಿಯಲ್ಲಿ ಒಬ್ಬಳು ಅವರ ಕೈ ಮುಟ್ಟಿ ನೋಡಿದಳು. ಪೊಳಲಿ ದೇವಸ್ಥಾನದಲ್ಲಿ, ಸತ್ತವರ ಪಾತ್ರ ಮಾಡಿದರೆ ದೋಷ ಉಂಟಂತೆ ಎಂದು ಪಕ್ಕದ ಸಾಲಿನವರೊಬ್ಬರು ತಮ್ಮ ಮಗುವನ್ನು ಈಚೆ ಎಳೆದುಕೊಂಡರು. ಕೆಲವರು ಒಳ್ಳೆಯ ಮನಸ್ಸಿನಿಂದಲೇ ಸಂತಾಪ ಹೇಳಿದರು. ಅವರು ಎಲ್ಲರಿಗೂ ಉಪಕಾರವಾಯಿತು ಎನ್ನುತ್ತಿದ್ದರು. ಮನೆಗೆ ಬಂದು ಸುಮ್ಮನೆ ಕೂರುತ್ತಿದ್ದರು. ಜಗಳ ಮಾಡಲು ಯಾರೂ ಇಲ್ಲದ ಭಾನುವಾರಗಳು ಇಷ್ಟು ಉದ್ದ ಇರುತ್ತವೆಂದು ಅವರಿಗೆ ಮೊದಲು ಗೊತ್ತಿರಲಿಲ್ಲ.

ಸರ್ವೆಯರ್ ಹತ್ತು ಕಂತು ಅತ್ತ. ಅಷ್ಟು ಅತ್ತ ಮೇಲೆ ಜನಕ್ಕೆ ಅವನ ಅಳು ಸಾಕಾಯಿತು. ಲಚ್ಚಕ್ಕ ಇಲ್ಲದ ಮೇಲೆ ಅಳೆಯುವುದಕ್ಕೂ ಏನೂ ಉಳಿದಿರಲಿಲ್ಲ. ಗಡಿ ಎಲ್ಲಿ ಎಂದು ಕೇಳುವವರೇ ಇರಲಿಲ್ಲ. ನೋಡುವವರ ಸಂಖ್ಯೆ ಇಳಿಯಿತು. ಬಾಸಿತ್ ಈ ಬಾರಿ ಸಾಲಿಹಾಳನ್ನೂ ಕರೆದುಕೊಂಡು ಪುಂಜಾಲಕಟ್ಟೆಗೆ ಬಂದ. ಸತ್ತವರನ್ನು ಎಬ್ಬಿಸಿದರೆ ಜನ ನಗುತ್ತಾರೆ, ಆದ್ದರಿಂದ ಲಚ್ಚಕ್ಕನಿಗೆ ಒಬ್ಬಳು ತಂಗಿ ಇದ್ದಾಳೆ, ಗಿರಿಜಕ್ಕ ಎಂದು, ಘಟ್ಟದ ಮೇಲಿನಿಂದ ಬರುತ್ತಾಳೆ ಎಂದು ವಿವರಿಸಿದ. ನಲವತ್ತು ಕಂತುಗಳಲ್ಲಿ ಒಮ್ಮೆಯೂ ಲಚ್ಚಕ್ಕ ತಂಗಿಯ ಹೆಸರೆತ್ತಲಿಲ್ಲವಲ್ಲ ಎಂದು ಸೇಸಮ್ಮ ಕೇಳಿದರು. ಇಬ್ಬರಿಗೂ ಮಾತು ಬಿಟ್ಟಿತ್ತು ಅಂತ ಮಾಡುವ ಎಂದಳು ಸಾಲಿಹಾ, ನೆಲ ನೋಡುತ್ತ.

ಸೇಸಮ್ಮ ಒಪ್ಪಿಕೊಂಡರು. ಗಿರಿಜಕ್ಕ ಚಹಾ ಕೊಡುವವಳಲ್ಲ ಎಂಬ ಒಂದು ಷರತ್ತು ಮಾತ್ರ ಹಾಕಿದರು.

ಲಚ್ಚಕ್ಕನನ್ನು ಸಾಯಿಸಿದ್ದಕ್ಕೆ ಪ್ರಾಯಶ್ಚಿತ್ತವೆಂಬಂತೆ ಸಾಲಿಹಾ ಗಿರಿಜಕ್ಕನಿಗೆ ಚಾಕುವಿನಂಥ ನಾಲಗೆ ಕೊಟ್ಟಳು. ಮೊದಲ ದೃಶ್ಯದಲ್ಲಿ ಗಿರಿಜಕ್ಕ ಚೀಲ ಹಿಡಿದು ತೋಡಿನ ಬದಿಗೆ ಬರುತ್ತಾಳೆ, ಟೇಪು ಹಿಡಿದು ನಿಂತವನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾಳೆ.

"ಅಳೀಲಿಕ್ಕೆ ನಿಮ್ಮನ್ನು ಕರೆದವರು ಯಾರು?"

ಇಷ್ಟು ಕಂತುಗಳಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ, ಬರೆದ ಸಾಲಿಹಾ ಸಹ. ಮನ್ವಿತ್ ಕನ್ನಡಕ ತೆಗೆದು, ತನ್ನ ಪ್ರಸಿದ್ಧ ಮಾತನ್ನೇ ಹೇಳಿದ. ಸೇಸಮ್ಮ ಅವನ ಕೈಯಿಂದ ಟೇಪು ತೆಗೆದುಕೊಂಡು ಸುರುಳಿ ಸುತ್ತಿ ಅವನ ಕಿಸೆಗೇ ಹಾಕಿದರು. "ವ್ಯತ್ಯಾಸ ತೋಡಿನಲ್ಲಿ ಇಲ್ಲ, ನಿಮ್ಮ ಟೇಪಿನಲ್ಲಿ ಉಂಟು."

ಈ ತುಣುಕು ಹಳೆಯ ತುಣುಕಿಗಿಂತಲೂ ವೇಗವಾಗಿ ಓಡಿತು. ಟೈಲರನಿಗೆ ಹೆಂಗಸರು ಈಗ ಅದನ್ನೇ ಹೇಳಿದರು. ಮೂರು ವಾರದಲ್ಲಿ ಸರ್ವೆಯರ್‌ಗೆ ಬೀದರಿಗೆ ವರ್ಗವಾಯಿತು. ತಾಯಿ ಸಿಕ್ಕಿದಳೇ ಎಂಬುದು ಗೊತ್ತಾಗಲೇ ಇಲ್ಲ. ಮೀಸೆಯ ಸರ್ವೆಯರ್ ಎಲ್ಲಿ ಹೋದನೆಂದು ಯಾರೂ ಕೇಳಲಿಲ್ಲ. ಮನ್ವಿತನಿಗೆ ದುಃಖವಾಗಲಿಲ್ಲ. ಅಷ್ಟರೊಳಗೆ ಅವನು ಮದುವೆ ರಿಸೆಪ್ಷನ್‌ಗಳಲ್ಲಿ ನಿರೂಪಣೆ ಮಾಡುವವನಾಗಿದ್ದ. ಧರ್ಣಪ್ಪನವರಿಗೂ ಬೇಸರವಾಗಲಿಲ್ಲ. ಅವರ ಮಳಿಗೆಯ ಬೋರ್ಡಿನ ಮೇಲಿದ್ದ ಅಳಿಯನ ಚಿತ್ರ ಇಳಿಸಿ ಗಿರಿಜಕ್ಕನದನ್ನು ಏರಿಸಿದರು. ಕೆಳಗೆ 'ನಮ್ಮ ಅಳತೆಯಲ್ಲಿ ವ್ಯತ್ಯಾಸ ಇಲ್ಲ' ಎಂದು ಬರೆಸಿದರು.

ಬೆಳ್ತಂಗಡಿಯ ಬಸ್ಸಿನಲ್ಲಿ ಈಗ ಸೇಸಮ್ಮ ಹತ್ತಿದರೆ ಗಂಡಸರು ಎದ್ದು ಸೀಟು ಕೊಡುತ್ತಿದ್ದರು, ಗೌರವದಿಂದಲ್ಲ, ಹೆದರಿಕೆಯಿಂದ. ಅದು ಅವರಿಗೆ ಇಷ್ಟವಾಯಿತು. ತಾಲೂಕು ಕಚೇರಿಯಲ್ಲಿ ಎರಡು ವರ್ಷದಿಂದ ಮಲಗಿದ್ದ ಅವರ ಜಾಗದ ಕಡತ, ಅವರು ಕೌಂಟರಿನ ಎದುರು ಸುಮ್ಮನೆ ನಿಂತದ್ದಕ್ಕೇ ಎದ್ದು ಕೂತಿತು. ಅವರು ಸಾಲಿಹಾಳಿಗೆ ಫೋನ್ ಮಾಡಿ, ಗಿರಿಜಕ್ಕ ಇಲ್ಲಿ ಇನ್ನೊಂದು ಮಾತು ಹೇಳಬಹುದಲ್ಲ ಎಂದು ಸೂಚಿಸತೊಡಗಿದರು. ಮೊದಲು ಒಂದು ಮಾತು, ಆಮೇಲೆ ಒಂದು ಪುಟ. ಗಿರಿಜಕ್ಕ ತೋಡಿಗೆ ಸೇತುವೆ ಮಂಜೂರು ಮಾಡಿಸಿದಳು, ಗ್ರಾಮಸಭೆಯಲ್ಲಿ ಅಧ್ಯಕ್ಷನ ಬಾಯಿ ಮುಚ್ಚಿಸಿದಳು, ಕಳ್ಳನೊಬ್ಬನನ್ನು ಹಿಡಿದಳು. ಉಮ್ಮರಬ್ಬ ಪ್ರತಿ ದೃಶ್ಯದ ಕೊನೆಗೆ "ಅದು ಹೌದು" ಎನ್ನುತ್ತಿದ್ದ. ಬಾತುಕೋಳಿಯನ್ನು ಬಾಸಿತ್ ಮೊದಲೇ ಯಾರಿಗೋ ಕೊಟ್ಟುಬಿಟ್ಟಿದ್ದ.

ಡಿಸೆಂಬರಿನ ಒಂದು ಮಧ್ಯಾಹ್ನ ಬಾಸಿತನ ಸ್ಟುಡಿಯೋದಲ್ಲಿ ಮುಂದಿನ ಕತೆಯ ಬಗ್ಗೆ ಮಾತಾಡಲು ಎಲ್ಲರೂ ಸೇರಿದರು. ಗೋಡೆಯ ಮೇಲೆ ಮದುಮಕ್ಕಳ ದೊಡ್ಡ ದೊಡ್ಡ ಫೋಟೋಗಳು. ಆಚೆ ದಡ ಖಾಲಿಯಾದರೆ ಗಿರಿಜಕ್ಕನಿಗೆ ಅಲ್ಲೊಂದು ಶಾಲೆ ಕಟ್ಟಿಸಲಿಕ್ಕಾಗುತ್ತದೆ, ಧರ್ಣಪ್ಪನವರು ನೆಲಕ್ಕೆ ಟೈಲ್ಸ್ ಹಾಕಿಸುತ್ತೇನೆ ಎಂದಿದ್ದಾರೆ ಎಂದ ಬಾಸಿತ್. ಉಮ್ಮರಬ್ಬ ಸೌದಿಯ ದಮ್ಮಾಮಿನಲ್ಲಿರುವ ಮಗಳ ಮನೆಗೆ ಹೋದ ಎಂದು ಮಾಡಬಹುದು. ಸಾಲಿಹಾ ಅದನ್ನು ಬರೆದುಕೊಂಡಳು. ಸೇಸಮ್ಮ ಯೋಚಿಸಿ, ಹೌದು, ಆಗ ನನಗೆ ಎರಡೂ ಕಡೆ ನಡೆಯಲಿಕ್ಕೆ ಜಾಗ ಆಗುತ್ತದೆ ಎಂದರು.

ಹೇಳಿದ ಮೇಲೆಯೇ ಅವರಿಗೆ ಹಾಜಬ್ಬ ಅಲ್ಲೇ ಕೂತಿದ್ದಾರೆಂಬುದು ನೆನಪಾದದ್ದು.

ಹಾಜಬ್ಬ ಟೊಪ್ಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. "ನನಗೆ ಅಡ್ಡಿಯಿಲ್ಲ," ಎಂದರು. "ಲಚ್ಚಕ್ಕನನ್ನು ಕೊಲ್ಲುವಾಗ ನಾನು ಕೊಡೆ ಹಿಡಿದು ನಿಂತಿದ್ದೆ, ಬಾಯಿ ಬಿಡಲಿಲ್ಲ. ಈಗ ಬಿಡಲಿಕ್ಕೆ ನನಗೆ ಮುಖ ಇಲ್ಲ."

ಬಾಸಿತ್ ಚಹಾ ತರಿಸಿದ. ಮನೆಗೆ ಹೋಗುವ ಬಸ್ಸಿನಲ್ಲಿ ಒಬ್ಬರು ಎದ್ದು ಸೀಟು ಕೊಟ್ಟರೂ ಸೇಸಮ್ಮ ಪುಂಜಾಲಕಟ್ಟೆಯವರೆಗೆ ನಿಂತೇ ಹೋದರು.

ಬೀಳ್ಕೊಡುಗೆಯ ದೃಶ್ಯವನ್ನು ತೋಡಿನ ಬದಿಯಲ್ಲೇ ತೆಗೆಯುವುದೆಂದಾಯಿತು. ನಾಲ್ಕು ತಿಂಗಳ ನಂತರ ಅವರೆಲ್ಲ ಅಲ್ಲಿಗೆ ಹೋಗಿದ್ದರು. ನೀರು ಇಳಿದು ಕಲ್ಲುಗಳು ಕಾಣುತ್ತಿದ್ದವು. ಹಾಜಬ್ಬ ಅಂಗಡಿಯಿಂದಲೇ ತಂದ ಹೊಸ ಶರ್ಟು ಹಾಕಿ, ಕೈಯಲ್ಲಿ ಸೂಟ್‌ಕೇಸು ಹಿಡಿದು ಆಚೆ ದಡದಲ್ಲಿ ನಿಂತರು. ಗಿರಿಜಕ್ಕನಿಗೆ ಒಂದೂವರೆ ಪುಟದ ಮಾತು. ಉಮ್ಮರಬ್ಬನಿಗೆ ಒಂದೇ ಶಬ್ದ: "ಬರ್ತೇನೆ."

ಸೇಸಮ್ಮ ಮಾತು ಶುರು ಮಾಡಿದರು. ನೆರೆಹೊರೆ ಎಂದರೇನು, ಊರೆಂದರೇನು ಎಂಬ ದೊಡ್ಡ ದೊಡ್ಡ ಮಾತುಗಳು. ಎಲ್ಲ ಬಾಯಿಗೆ ಬರುತ್ತಿದ್ದವು. ಅರ್ಧಕ್ಕೆ ಬಂದಾಗ ಅವರು ಹಾಜಬ್ಬನ ಮುಖ ನೋಡಿದರು. ಹಾಜಬ್ಬ ಗಂಭೀರವಾಗಿ, ತಪ್ಪು ಮಾಡದೆ, ತಮ್ಮ ಒಂದು ಶಬ್ದಕ್ಕೆ ಕಾಯುತ್ತಿದ್ದರು. ಚಹಾದ ಲೋಟ ಹಿಡಿದು ತಾನು ಹೀಗೆಯೇ ಕಾಯುತ್ತಿದ್ದೆ ಎಂದು ಸೇಸಮ್ಮನಿಗೆ ಅನ್ನಿಸಿತು. ಅವರು ಮಾತು ನಿಲ್ಲಿಸಿಬಿಟ್ಟರು.

ಬಾಸಿತ್ ಮರೆತುಹೋಯಿತೆಂದು ತಿಳಿದು ಮುಂದಿನ ಸಾಲನ್ನು ಪಿಸುಗುಟ್ಟಿದ. ಸಾಲಿಹಾ ಅವನ ತೋಳು ಹಿಡಿದಳು.

"ಆ ಸೂಟ್‌ಕೇಸು ಇಟ್ಟದ್ದು ನನ್ನ ಜಾಗದಲ್ಲಿ," ಎಂದರು ಸೇಸಮ್ಮ.

ಹಾಜಬ್ಬ ಕೆಳಗೆ ನೋಡಿದರು. ಸೂಟ್‌ಕೇಸು ಅವರ ಕೈಯಲ್ಲೇ ಇತ್ತು. ಅವರು ಅದನ್ನು ನಿಧಾನವಾಗಿ ನೆಲದ ಮೇಲೆ ಇಟ್ಟರು. "ಇದು ಯಾವಾಗಿನಿಂದ ನಿಮ್ಮ ಜಾಗ? ನನ್ನ ಅಜ್ಜನ ಕಾಲದಿಂದ ಗಡಿ ಆ ಕಲ್ಲು."

"ಆ ಕಲ್ಲು ಪ್ರತಿ ಮಳೆಗಾಲ ನಡೆದುಕೊಂಡು ಈಚೆ ಬರ್ತದೆ. ನಡೆಸುವುದು ಯಾರು ಅಂತ ನನಗೆ ಗೊತ್ತುಂಟು."

"ನಾನು ದಮ್ಮಾಮಿಗೆ ಹೋಗುವವ. ನನಗೆ ಕಲ್ಲು ಎಂತಕ್ಕೆ?"

"ಕಲ್ಲನ್ನು ಅದರ ಜಾಗದಲ್ಲಿ ಇಟ್ಟು ಹೋಗಿ."

ಹಾಜಬ್ಬ ಹೊಸ ಶರ್ಟಿನ ತೋಳು ಮಡಚಿ ನೀರಿಗಿಳಿದರು. ಕಲ್ಲು ಅಲುಗಾಡಲಿಲ್ಲ. ಸೇಸಮ್ಮ ಸೀರೆ ಎತ್ತಿ ಕಟ್ಟಿ ತಾವೂ ಇಳಿದರು. ಇಬ್ಬರೂ ಒಂದೇ ಕಲ್ಲನ್ನು ಎರಡು ಕಡೆಯಿಂದ, ಎದುರುಬದುರಾಗಿ ದೂಡಿದರು. ಬಾಸಿತ್ ನಿಲ್ಲಿಸಿ ಎಂದು ಹೇಳದೆ ಹದಿನೆಂಟು ನಿಮಿಷ ಚಿತ್ರೀಕರಿಸಿದ. ಅವನು ಹಾಗೇಕೆ ಮಾಡಿದನೆಂದು ಅವನಿಗೂ ಗೊತ್ತಿರಲಿಲ್ಲ. ಆಮೇಲೆ ಧರ್ಣಪ್ಪನವರು ಕೇಳಿದಾಗ ಬ್ಯಾಟರಿ ಇತ್ತಲ್ಲ ಎಂದಷ್ಟೇ ಹೇಳಿದ. ಉಮ್ಮರಬ್ಬನ ವಿಮಾನ ತಪ್ಪಿತು.

ಧರ್ಣಪ್ಪನವರಿಗೆ ಅದು ಹಿಡಿಸಲಿಲ್ಲ. ಶಾಲೆ ಇಲ್ಲ, ನೆಲ ಇಲ್ಲ, ಬರೀ ನೀರು ಮತ್ತು ಕಲ್ಲು; ಇದರಲ್ಲಿ ಟೈಲ್ಸ್ ಎಲ್ಲಿ ಎಂದು ಕೇಳಿದರು. ಅವರು ಮನ್ವಿತನನ್ನು ನಾಯಕನಾಗಿಟ್ಟು ಬೇರೆಯೇ ಧಾರಾವಾಹಿ ತೆಗೆಸಿದರು. ಅದನ್ನು ನಿರ್ದೇಶಿಸಿದ್ದೂ ಬಾಸಿತನೇ, ಹೊಟ್ಟೆಪಾಡು ನೋಡಬೇಕಲ್ಲ. ನೋಡುಗರಲ್ಲಿ ಹಲವರು, ಗಿರಿಜಕ್ಕ ಈಚೆಗೆ ಸಪ್ಪೆಯಾಗಿದ್ದಾರೆ, ಇನ್ನೊಬ್ಬಳು ತಂಗಿ ಬಂದರೆ ಒಳ್ಳೆಯದಿತ್ತು ಎಂದು ಬರೆದರು. 'ಒಂದೇ ತೋಡು' ಮತ್ತೆ ಆರು ಕಂತು ನಡೆಯಿತು. ಆರನ್ನೂ ಸಾಲಿಹಾ ಒಂದೇ ವಾರದಲ್ಲಿ, ಉತ್ತರಪತ್ರಿಕೆಗಳನ್ನು ಬದಿಗಿಟ್ಟು ಬರೆದಳು. ಎಲ್ಲದರಲ್ಲೂ ಇಬ್ಬರೇ. ಗಿರಿಜಕ್ಕ ಯಾವಾಗ ಲಚ್ಚಕ್ಕನ ಹಾಗೆ ಮಾತಾಡತೊಡಗಿದಳೆಂದು ಯಾರೂ ಗಮನಿಸಲಿಲ್ಲ. ಸ್ಟಾಫ್ ರೂಮಿನಲ್ಲಿ ಈಗ ಸಾಲಿಹಾ ತನ್ನ ಕುರ್ಚಿಯನ್ನು ತಾನೇ ಎಳೆದುಕೊಳ್ಳಬೇಕಿತ್ತು.

ಕೊನೆಯ ಕಂತು ಬಂದ ಭಾನುವಾರ ಚನಿಯಪ್ಪನವರು ಸೇಸಮ್ಮನ ಪಕ್ಕದಲ್ಲಿ ಕೂತು ಅರ್ಧದವರೆಗೆ ನೋಡಿದರು. ತೆರೆಯ ಮೇಲೆ ಇಬ್ಬರು ಮುದುಕರು ತೋಡಿಗೆ ಬಾಗಿದ ತೆಂಗಿನ ಮರದ ನೆರಳು ಯಾರದೆಂದು ವಾದಿಸುತ್ತಿದ್ದರು.

"ಇದಕ್ಕೆ ಇನ್ನು ಹೊಸಬರು ಯಾರೂ ಬರ್ಲಿಕ್ಕಿಲ್ವಾ?" ಎಂದು ಅವರು ಕೇಳಿದರು.

ಇಲ್ಲ ಎಂದರು ಸೇಸಮ್ಮ. ಚನಿಯಪ್ಪನವರು ಎದ್ದು ದನಕ್ಕೆ ಹುಲ್ಲು ಹಾಕಲು ಹೋದರು. ಸೇಸಮ್ಮ ಟಿವಿಯ ಶಬ್ದವನ್ನು ಸ್ವಲ್ಪ ಜೋರು ಮಾಡಿ, ಹಾಜಬ್ಬ ಮುಂದೇನು ಹೇಳುತ್ತಾರೆಂದು ಗೊತ್ತಿದ್ದರೂ ಕಿವಿಗೊಟ್ಟು ಕೇಳಿದರು.